ಮನೆ ತೆರಿಗೆಯ ರಶೀದಿ ಮತ್ತು ಶಾಲೆಯ ಮಾಡು

ಮಾರ್ಚ್ ತಿಂಗಳು ಬಂತೆಂದರೆ ಕಾಸರಗೋಡು ನಗರಸಭೆಯ ಹಾಗೂ ಸುತ್ತಲಿನ ಪಂಚಾಯತುಗಳ ತೆರಿಗೆ ಕೌಂಟರುಗಳ ಮುಂದೆ ಸಾಲು ಉದ್ದವಾಗುತ್ತದೆ. ಆ ಸಾಲಿನಲ್ಲಿ ಕೇಳಿಬರುವ ಮಾತುಗಳನ್ನು ಒಟ್ಟುಗೂಡಿಸಿದರೆ ಅದೊಂದು ಪುಟ್ಟ ಮುಂಗಡಪತ್ರದ ಚರ್ಚೆಯೇ ಸರಿ. ತೆರಿಗೆ ವರ್ಷವರ್ಷವೂ ಏರುತ್ತಿದೆ, ಓಣಿಯ ದೀಪ ಮಾತ್ರ ಉರಿಯುತ್ತಿಲ್ಲ ಎಂಬುದು ಒಬ್ಬರ ದೂರು. ಪೇಟೆಯಲ್ಲಿ ಇಂಟರ್‌ಲಾಕ್ ಕಿತ್ತು ಮತ್ತೆ ಇಂಟರ್‌ಲಾಕ್ ಹಾಸುವುದಕ್ಕೆ ಹಣವಿದೆ, ಮಕ್ಕಳ ಶಾಲೆಯ ಮಾಡಿನ ಸೋರಿಕೆ ನಿಲ್ಲಿಸುವುದಕ್ಕೆ ಇಲ್ಲ ಎಂಬುದು ಇನ್ನೊಬ್ಬರ ಅಸಮಾಧಾನ. ಶಾಲೆಗೆ ಕನ್ನಡ ಬಲ್ಲ ಅಧ್ಯಾಪಕರನ್ನು ಕೊಡದ ಮೇಲೆ ತೆರಿಗೆ ಏಕೆ ಕೊಡಬೇಕು ಎಂದು ಕೇಳುವವರೂ ಇದ್ದಾರೆ.

ಈ ಮಾತುಗಳಲ್ಲಿ ಸತ್ಯವಿದೆ. ಆದರೆ ಹಲವು ದೂರುಗಳು ತಪ್ಪು ವಿಳಾಸಕ್ಕೆ ಹೋಗುವುದರಿಂದ ಉತ್ತರವಿಲ್ಲದೆ ಹಿಂದಿರುಗುತ್ತವೆ.

ಗೃಹಸ್ಥನೊಬ್ಬನು ಕೊಡುವ ಹಣವೆಲ್ಲ ಒಂದೇ ಪೆಟ್ಟಿಗೆಗೆ ಬೀಳುವುದಿಲ್ಲ. ಜಮೀನಿನ ತೀರ್ವೆ ಗ್ರಾಮಕಚೇರಿಯ ಮೂಲಕ ರಾಜ್ಯ ಸರಕಾರಕ್ಕೆ ಸಲ್ಲುತ್ತದೆ. ಹೊಸ ಮನೆ ಕಟ್ಟಿದಾಗ 1975ರ ಕಾನೂನಿನಂತೆ ಒಮ್ಮೆ ಕೊಡುವ ಕಟ್ಟಡ ತೆರಿಗೆ ಕಂದಾಯ ಇಲಾಖೆಯದು. ನಳ್ಳಿ ನೀರಿನ ಬಿಲ್ಲು ಜಲ ಪ್ರಾಧಿಕಾರಕ್ಕೆ. ಬೇಸಗೆಯಲ್ಲಿ ಬಾವಿಕ್ಕರೆಯ ನೀರು ಉಪ್ಪಾಗಿ ಪೇಟೆಯ ನಳ್ಳಿಗಳಲ್ಲಿ ಬಂದ ವರ್ಷಗಳಲ್ಲಿ ಬೈಗುಳ ತಿಂದದ್ದು ನಗರಸಭೆ. ಪಂಪೂ ಕೊಳವೆಯೂ ಜಲ ಪ್ರಾಧಿಕಾರದವು. ರಾಷ್ಟ್ರೀಯ ಹೆದ್ದಾರಿಯ ಧೂಳು ಕೇಂದ್ರದ ಲೆಕ್ಕಕ್ಕೆ, ಲೋಕೋಪಯೋಗಿ ರಸ್ತೆಯ ಹೊಂಡ ರಾಜ್ಯದ ಲೆಕ್ಕಕ್ಕೆ ಸೇರಬೇಕಾದವು.

ಸ್ಥಳೀಯ ಸಂಸ್ಥೆಯ ಸ್ವಂತ ಆದಾಯವೆಂದರೆ ಮುಖ್ಯವಾಗಿ ವರ್ಷಕ್ಕೆ ಎರಡು ಕಂತುಗಳಲ್ಲಿ ಕೊಡುವ ಆಸ್ತಿ ತೆರಿಗೆ ಮತ್ತು ಉದ್ಯೋಗ ತೆರಿಗೆ. ಹಿಂದೆ ಮನೆಯ ಬಾಡಿಗೆ ಮೌಲ್ಯವನ್ನು ಆಧರಿಸಿದ್ದ ಆಸ್ತಿ ತೆರಿಗೆ ಈಗ ಕಟ್ಟಡದ ವಿಸ್ತೀರ್ಣವನ್ನು ಆಧರಿಸಿದೆ. 2023ರ ಏಪ್ರಿಲ್ 1ರಿಂದ ಅದು ವರ್ಷಕ್ಕೆ ಶೇಕಡಾ 5ರಂತೆ ಏರುವ ವ್ಯವಸ್ಥೆ ಬಂದಿದೆ. ಸ್ವಂತ ವಾಸದ 60 ಚದರ ಮೀಟರಿನೊಳಗಿನ ಮನೆಗೆ ವಿನಾಯಿತಿಯುಂಟು. ಅದನ್ನು ಅರಿಯದೆ ತೆರಿಗೆ ಕಟ್ಟುತ್ತಿರುವ ಬಡ ಕುಟುಂಬಗಳು ಕಚೇರಿಯಲ್ಲಿ ವಿಚಾರಿಸುವುದು ಒಳಿತು. ಉದ್ಯೋಗ ತೆರಿಗೆ ವರ್ಷಕ್ಕೆ 2,500 ರೂಪಾಯಿಯನ್ನು ಮೀರಕೂಡದೆಂದು ಸಂವಿಧಾನವೇ ಮಿತಿ ಹಾಕಿದೆ. ಕನ್ನಡ ಶಾಲೆಯ ಅಧ್ಯಾಪಕರ ಸಂಬಳದಿಂದಲೂ ಅದು ಅರ್ಧವರ್ಷಕ್ಕೊಮ್ಮೆ ಕಡಿತವಾಗಿ ಶಾಲೆಯಿರುವ ಊರಿನ ಸ್ಥಳೀಯ ಸಂಸ್ಥೆಯನ್ನೇ ಸೇರುತ್ತದೆ. ಆಸ್ತಿ ತೆರಿಗೆಯ ಪ್ರತಿ 100 ರೂಪಾಯಿಗೆ 5 ರೂಪಾಯಿ ಗ್ರಂಥಾಲಯ ಸೆಸ್ಸೂ ಉಂಟು. ಊರಿನ ವಾಚನಾಲಯದಲ್ಲಿ ಕನ್ನಡ ಪುಸ್ತಕಗಳೇಕೆ ಕಡಿಮೆಯೆಂದು ಕೇಳುವುದಕ್ಕೆ ಆ 5 ರೂಪಾಯಿಯೇ ಸಾಕಷ್ಟು ಆಧಾರ, ಆದರೂ ಕೇಳುವವರು ವಿರಳ.

ಎಲ್ಲಕ್ಕಿಂತ ಹೆಚ್ಚು ಗೊಣಗಾಟ ಕೇಳಿಬರುವುದು ಹರಿತ ಕರ್ಮಸೇನೆಗೆ ತಿಂಗಳಿಗೆ ಕೊಡಬೇಕಾದ ಮೊತ್ತದ ಬಗ್ಗೆ: ಪಂಚಾಯತಿನಲ್ಲಿ 50 ರೂಪಾಯಿ, ನಗರಸಭೆಯಲ್ಲಿ 70. ಈ ಗೊಣಗಾಟಕ್ಕೆ ಅಷ್ಟು ಮರ್ಯಾದೆ ಸಲ್ಲದು. ಮನೆಮನೆಗೆ ಬಂದು ಪ್ಲಾಸ್ಟಿಕ್ ಒಯ್ಯುವ ಹೆಂಗಸರಿಗೆ ಅದೇ ದುಡಿಮೆಯ ಪ್ರತಿಫಲ, ಅವರಲ್ಲಿ ಅನೇಕರು ನಮ್ಮ ಶಾಲೆಗಳ ಮಕ್ಕಳ ತಾಯಂದಿರು.

ಇನ್ನು ಶಾಲೆಯ ವಿಷಯ. ವಿಕೇಂದ್ರೀಕರಣದ ಕಾಲದಲ್ಲಿ ಕೇರಳವು ನಗರವ್ಯಾಪ್ತಿಯ ಸರಕಾರಿ ಶಾಲೆಗಳನ್ನು ನಗರಸಭೆಗಳಿಗೆ ವಹಿಸಿತು. ಗ್ರಾಮಗಳಲ್ಲಿ ಕಿರಿಯ ಮತ್ತು ಹಿರಿಯ ಪ್ರಾಥಮಿಕ ಶಾಲೆಗಳು ಗ್ರಾಮ ಪಂಚಾಯತಿಗೂ, ಪ್ರೌಢಶಾಲೆಗಳು ಜಿಲ್ಲಾ ಪಂಚಾಯತಿಗೂ ಸೇರಿದವು. ಕಟ್ಟಡ, ಶೌಚಾಲಯ, ಕುಡಿಯುವ ನೀರು, ಆವರಣ ಗೋಡೆ ಇವೆಲ್ಲ ಸ್ಥಳೀಯ ಸಂಸ್ಥೆಯ ಹೊಣೆ. ಇದಕ್ಕೆ ಹಣ ಬರುವುದು ಬಹುಪಾಲು ರಾಜ್ಯವು ಕೊಡುವ ನಿರ್ವಹಣಾ ನಿಧಿಯಿಂದ. ಅದರಲ್ಲಿ ರಸ್ತೆಗೆ ಒಂದು ಪಾಲು, ರಸ್ತೆಯೇತರ ಆಸ್ತಿಗಳಿಗೆ ಇನ್ನೊಂದು. ಅಧ್ಯಾಪಕರ ನೇಮಕ ಮಾತ್ರ ಲೋಕಸೇವಾ ಆಯೋಗ ಮತ್ತು ಶಿಕ್ಷಣ ಇಲಾಖೆಯ ಕೈಯಲ್ಲಿದೆ. ಅನುದಾನಿತ ಶಾಲೆಯ ಕಟ್ಟಡಕ್ಕೆ ಅದರ ವ್ಯವಸ್ಥಾಪಕರೇ ಹೊಣೆಗಾರರು. ಅಲ್ಲಿನ ಪೋಷಕರು ಮೊದಲು ತಟ್ಟಬೇಕಾದ ಬಾಗಿಲು ಅವರದೇ.

ಆದ್ದರಿಂದ ಕನ್ನಡ ಅಧ್ಯಾಪಕರನ್ನು ಕೊಡಿರೆಂದು ವಾರ್ಡು ಸಭೆಯಲ್ಲಿ ಎಷ್ಟು ಗಟ್ಟಿಯಾಗಿ ಕೂಗಿದರೂ ಕೌನ್ಸಿಲರರು ಮಾಡಬಲ್ಲುದು ಕಡಿಮೆ. ಸರಕಾರಿ ಶಾಲೆಯ ಮಾಡಿನ ಬಗ್ಗೆ ಕೇಳಿದರೆ ಅವರು ತಪ್ಪಿಸಿಕೊಳ್ಳುವಂತಿಲ್ಲ. ಮಾಡಿಗೂ ಅಧ್ಯಾಪಕ ಹುದ್ದೆಗೂ ಸಂಬಂಧವೇನೆಂದು ಕೇಳಬಹುದು. ಜೂನ್ ತಿಂಗಳ ಜಡಿಮಳೆಗೆ ತರಗತಿ ಸೋರುತ್ತದೆ. ಹೆಣ್ಣುಮಕ್ಕಳ ಶೌಚಾಲಯಕ್ಕೆ ಬಾಗಿಲಿಲ್ಲ. ಮೊದಲೇ ಮನಸ್ಸು ಇಬ್ಬಗೆಯಾಗಿದ್ದ ತಂದೆತಾಯಿ ಮಗುವನ್ನು ಬಸ್ಸಿರುವ ಆಂಗ್ಲ ಮಾಧ್ಯಮದ ಶಾಲೆಗೆ ಸೇರಿಸುತ್ತಾರೆ. ಶಾಲೆ ತೆರೆದ ಆರನೆಯ ಕೆಲಸದ ದಿನ ಮಕ್ಕಳ ಎಣಿಕೆ ನಡೆಯುತ್ತದೆ. ಎಣಿಕೆ ಕುಸಿದರೆ ಡಿವಿಜನ್ ಹೋಗುತ್ತದೆ, ಡಿವಿಜನ್ ಹೋದರೆ ಹುದ್ದೆಯೂ ಹೋಗುತ್ತದೆ. ಕನ್ನಡ ಮತ್ತು ಮಲಯಾಳ ಎರಡೂ ವಿಭಾಗಗಳಿರುವ ಶಾಲೆಗಳಲ್ಲಿ ಮೊದಲು ಮುಚ್ಚುವ ಭಯ ಕನ್ನಡ ವಿಭಾಗಕ್ಕೇ. ಹೀಗೆ ಯಾವ ಆದೇಶವೂ ಇಲ್ಲದೆ, ಯಾರ ದ್ವೇಷವೂ ಇಲ್ಲದೆ, ಒಂದು ಕನ್ನಡ ತರಗತಿ ಹೆಂಚಿನ ಸಂದಿನಿಂದಲೇ ಸೋರಿಹೋಗಬಹುದು.

ಈ ಬೇಡಿಕೆ ಕೇವಲ ಅನುಗ್ರಹವನ್ನು ಯಾಚಿಸುವ ಮಾತಲ್ಲವೆಂಬುದಕ್ಕೆ ಸಂವಿಧಾನದ 350ಎ ವಿಧಿಯೇ ಸಾಕ್ಷಿ. ಭಾಷಾ ಅಲ್ಪಸಂಖ್ಯಾತ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಬೋಧನೆಗೆ ಸಾಕಷ್ಟು ಸೌಕರ್ಯ ಒದಗಿಸಲು ಪ್ರಯತ್ನಿಸಬೇಕೆಂದು ಅದು ಹೇಳುತ್ತದೆ. ಆ ಕರ್ತವ್ಯವನ್ನು ರಾಜ್ಯದ ಮೇಲೆ ಹೊರಿಸಿ ಸುಮ್ಮನಾಗದೆ, ರಾಜ್ಯದೊಳಗಿನ ಪ್ರತಿಯೊಂದು ಸ್ಥಳೀಯ ಪ್ರಾಧಿಕಾರದ ಮೇಲೂ ಹೊರಿಸುತ್ತದೆ. ನಗರಸಭೆ, ಪಂಚಾಯತು ಎರಡೂ ಆ ಮಾತಿನೊಳಗೆ ಬರುತ್ತವೆ. ‘ಪ್ರಯತ್ನ’ ಎಂಬ ಪದ ಮೃದುವಾದದ್ದು, ಅದನ್ನೇ ಹಿಡಿದು ನ್ಯಾಯಾಲಯದಲ್ಲಿ ಕಟ್ಟಡ ಗೆಲ್ಲುವುದು ಸುಲಭವಲ್ಲ ಎಂಬುದು ನಿಜ. ಸಭೆಯಲ್ಲಿ ಆದ್ಯತೆಯ ಪಟ್ಟಿ ತಯಾರಾಗುವಾಗ ಮಾತ್ರ ಅದರ ತೂಕ ಕಡಿಮೆಯಲ್ಲ. ಈ ವಿಧಿ ಸಂವಿಧಾನವನ್ನು ಸೇರಿದ್ದು 1956ರ ಏಳನೆಯ ತಿದ್ದುಪಡಿಯಿಂದ, ಅಂದರೆ ರಾಜ್ಯಗಳ ಪುನರ್ವಿಂಗಡನೆಯ ಅಂಗವಾಗಿ. ಕಾಸರಗೋಡು ಕೇರಳಕ್ಕೆ ಸೇರಿದ ಆ ನವೆಂಬರ್ 1ರಂದೇ ಅದೂ ಜಾರಿಗೆ ಬಂತು.

ಆದ್ಯತೆಯ ಪಟ್ಟಿ ತಯಾರಾಗುವುದು ಎಲ್ಲಿ? ಕಾಸರಗೋಡು ನಗರಸಭೆಯ ಜನಸಂಖ್ಯೆ 2011ರ ಗಣತಿಯಂತೆ 54,172. ಒಂದು ಲಕ್ಷ ಮೀರದ ನಗರವಾದ್ದರಿಂದ ಇಲ್ಲಿ ಪ್ರತಿ ವಾರ್ಡಿಗೂ ವಾರ್ಡು ಸಭೆಯಿದೆ. ಗ್ರಾಮಗಳಲ್ಲಿ ಗ್ರಾಮಸಭೆ. ಮತದಾರರ ಪಟ್ಟಿಯಲ್ಲಿ ಹೆಸರುಳ್ಳ ಎಲ್ಲರೂ ಸದಸ್ಯರು, ಮೂರು ತಿಂಗಳಿಗೊಮ್ಮೆಯಾದರೂ ಸಭೆ ಸೇರಬೇಕು. ತಮ್ಮ ಪ್ರದೇಶದಲ್ಲಿ ನಡೆದ ಅಥವಾ ನಡೆಯಲಿರುವ ಕಾಮಗಾರಿಯ ಅಂದಾಜು, ಸಾಮಗ್ರಿಯ ವೆಚ್ಚ, ಬಾಬುವಾರು ಹಂಚಿಕೆ ಇವನ್ನು ತಿಳಿಯುವ ಹಕ್ಕನ್ನು ಪಂಚಾಯತ್ ರಾಜ್ ಕಾನೂನು ಗ್ರಾಮಸಭೆಗೆ ಸ್ಪಷ್ಟವಾಗಿ ಕೊಟ್ಟಿದೆ. ಇಂಟರ್‌ಲಾಕಿನ ಲೆಕ್ಕ ಕೇಳಬೇಕಾದ ಜಾಗ ತೆರಿಗೆ ಕೌಂಟರಲ್ಲ, ಇದು.

ಆದರೆ ನಡೆಯುವುದೇನು? ಪ್ರಕಟಣೆ ಮಲಯಾಳದಲ್ಲಿ, ಚರ್ಚೆ ಮಲಯಾಳದಲ್ಲಿ. ಸವಲತ್ತುಗಳ ಫಲಾನುಭವಿ ಪಟ್ಟಿ ಇರುವ ದಿನ ಸಭೆ ತುಂಬುತ್ತದೆ, ಯೋಜನೆಯ ಚರ್ಚೆಯ ದಿನ ಕುರ್ಚಿಗಳು ಖಾಲಿ. ಕನ್ನಡದ ಹೆತ್ತವರು ಬಂದರೂ ಹಿಂದಿನ ಸಾಲಿನಲ್ಲಿ ಕುಳಿತು, ಹಾಜರಿ ಪುಸ್ತಕಕ್ಕೆ ಸಹಿ ಹಾಕಿ ಎದ್ದುಹೋಗುತ್ತಾರೆ. ಸಭೆಯಲ್ಲಿ ಹೇಳದ ಮಾತು ನಡಾವಳಿಯಲ್ಲಿ ಬರುವುದಿಲ್ಲ. ನಡಾವಳಿಯಲ್ಲಿಲ್ಲದ್ದು ಕಾರ್ಯತಂಡಕ್ಕೆ, ಅಲ್ಲಿಂದ ಕೌನ್ಸಿಲಿಗೆ, ಕೊನೆಗೆ ಜಿಲ್ಲಾ ಯೋಜನಾ ಸಮಿತಿಗೆ ತಲಪುವ ಹಾದಿಯೇ ಇಲ್ಲ.

ಮಲಯಾಳದಲ್ಲಿ ಮಾತನಾಡಲು ಅಳುಕುವವರು ಬರೆದು ಕೊಡಬಹುದು. ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲಾದರೂ ಅಹವಾಲು ಸಲ್ಲಿಸುವ ಹಕ್ಕನ್ನು ಸಂವಿಧಾನದ 350ನೆಯ ವಿಧಿ ಕೊಟ್ಟಿದೆ. ಶಾಲೆಯ ಹೆಸರು, ಸೋರುವ ಕೋಣೆಗಳ ಸಂಖ್ಯೆ, ಅಲ್ಲಿ ಕುಳಿತುಕೊಳ್ಳುವ ಮಕ್ಕಳ ಸಂಖ್ಯೆ, ಬೇಕಾದ ಕೆಲಸ, ಇಷ್ಟನ್ನು ಕನ್ನಡದಲ್ಲಿ ಒಂದೇ ಪುಟದಲ್ಲಿ ಬರೆದು, ರಕ್ಷಕ-ಶಿಕ್ಷಕ ಸಂಘದವರು ಸಹಿ ಹಾಕಿ, ಎರಡು ಪ್ರತಿ ಮಾಡಿಸಬೇಕು. ಒಂದನ್ನು ಸಭೆಯ ಸಂಚಾಲಕರಾದ ವಾರ್ಡಿನ ಪ್ರತಿನಿಧಿಗೆ ಕೊಟ್ಟು, ಇನ್ನೊಂದರ ಮೇಲೆ ದಿನಾಂಕ ಸಹಿತ ಸ್ವೀಕೃತಿ ಪಡೆದು, ಮನೆ ತೆರಿಗೆಯ ರಶೀದಿಗಳಿರುವ ಕಡತದಲ್ಲೇ ಇಟ್ಟುಕೊಳ್ಳಬೇಕು. ಮುಂದಿನ ಸಭೆಯಲ್ಲಿ ಅದನ್ನು ತೋರಿಸಿ, ಏನಾಯಿತೆಂದು ಕೇಳಬೇಕು.