ಗಾಡಿ ಮಾತು, ಭಾಗ 3: ಓಡ್ತದ ಸರಿ, ನಿಲ್ತದೇನು?

"ನಮ್ದು ಫೋರ್ ಬೈ ಫೋರ್, ಮನಾಲಿ ಹಿಮದಾಗೂ ಓಡ್ತದ" ಅಂತ ರೀಲ್ ಹಾಕೋ ದೋಸ್ತರೇ, ನಿಲ್ತದೇನು?

ನಾಲ್ಕೂ ಗಾಲಿಗೆ ಎಂಜಿನ್ ಬಲ ಸಿಕ್ರೆ ಗಾಡಿ ಮುಂದಕ್ಕ ಹೋಗ್ತದ, ಅಷ್ಟೇ. ನಿಲ್ಲಿಸೋದು ಟೈರಿನ ಹಿಡಿತ. ದೇವದುರ್ಗ, ಮಾನ್ವಿ ಎರಿ ಹೊಲದ ದಾರಿ ಮಳಿಯಾಗ ನೋಡೀರಲ್ಲ? ಟೈರಿನ ಗೆರಿಯೊಳಗ ರಾಡಿ ತುಂಬಿದ್ರ ಜೀಪೂ ಜಾರ್ತದ.

ಹಿಮದಾಗ ಇನ್ನೂ ಕಷ್ಟ. ಚಳಿ 7 ಡಿಗ್ರಿಗಿಂತ ಇಳಿದ್ರ ನಮ್ಮ ಟೈರಿನ ರಬ್ಬರ್ ಬಿರುಸಾಗ್ತದ. ಚಳಿಗಾಲದ ಟೈರಿನ ರಬ್ಬರ್ ಮೆತ್ತಗಿರ್ತದ, ಮೈತುಂಬ ಸಣ್ಣ ಸೀಳು. ಗುರುತು: ಮೂರು ಶಿಖರದ ಬೆಟ್ಟ, ಒಳಗ ಹಿಮದ ಹರಳು. ಬರೀ 'ಎಂ ಪ್ಲಸ್ ಎಸ್' ನಂಬಬ್ಯಾಡ್ರಿ. ಗಟ್ಟಿ ಮಂಜುಗಡ್ಡಿಗೆ ಚೈನೇ ಬೇಕು.

ಆ ಟೈರ್ ರಾಯಚೂರು ಬಿಸಿಲಿಗೆ ಲಗೂನ ಸವೀತದ. ಅದಕ್ಕ ಹಿಮ ನೋಡಬೇಕಂದ್ರ ಅಲ್ಲಿನ ಗಾಡಿ, ಅಲ್ಲಿನ ಡ್ರೈವರ್. ಸ್ಟಿಕ್ಕರ್ ಜೀವ ಉಳಿಸಲ್ಲ.

ಫೋರ್ ಬೈ ಫೋರ್ ದೋಸ್ತಗ ಟ್ಯಾಗ್ ಮಾಡ್ರಿ.