ಹುಳು ಗೊರಟೆಯಲ್ಲಿ, ಹೊರೆ ಯಾರ ಹೆಗಲಲ್ಲಿ?

ಮಾವಿನ ಗೊರಟೆ ಒಡೆದಾಗ ಕಪ್ಪು ಮೂತಿಹುಳು ಹೊರಬರುವುದನ್ನು ಕಾಣದವರು ನಮ್ಮಲ್ಲಿ ಯಾರಿದ್ದಾರೆ? ನಾವು ಗೊರಟೆ ಎಸೆದು ಹಣ್ಣು ತಿನ್ನುತ್ತೇವೆ. ಅಮೆರಿಕವಾದರೋ ಈ ಹುಳುವಿಗೂ ಹಣ್ಣಿನ ನೊಣಕ್ಕೂ ಅಂಜಿ ನಮ್ಮ ಮಾವಿಗೆ ವರ್ಷಗಟ್ಟಲೆ ಬಾಗಿಲು ಮುಚ್ಚಿತ್ತು. 2007ರಲ್ಲಿ ಅದು ತೆರೆಯಿತು. ಅದೇ ವರ್ಷ ಹಾರ್ಲೆ ಡೇವಿಡ್‌ಸನ್ ಮೋಟಾರು ಸೈಕಲ್ಲಿಗೆ ನಮ್ಮ ಸರ್ಕಾರವೂ ಬಾಗಿಲು ತೆರೆಯಿತು. ಮಾವಿಗೆ ಮಾತ್ರ ಷರತ್ತು: 400 ಗ್ರೇ ಪ್ರಮಾಣದ ವಿಕಿರಣ ಹಾಯಿಸಿ ಹುಳುವಿನ ಸಂತಾನ ನಿಲ್ಲಿಸಬೇಕು. ಅವರ ಇನ್‌ಸ್ಪೆಕ್ಟರು ಬಂದು ನಿಂತು ನೋಡಬೇಕು. ಆ ಖರ್ಚೂ ನಮ್ಮ ಕಡೆಯದೇ.

ತನ್ನ ಬೆಳೆ ಕಾಯುವ ಹಕ್ಕು ಪ್ರತಿ ದೇಶಕ್ಕೂ ಉಂಟು. ಅದಕ್ಕೆ ನಮ್ಮ ತಕರಾರಿಲ್ಲ. ನಮ್ಮ ಪ್ರಶ್ನೆ ಬೇರೆ: ನಷ್ಟವಾದಾಗ ಹೊರುವವರು ಯಾರು?

2025ರ ಮೇ ತಿಂಗಳಲ್ಲಿ, ನವಿ ಮುಂಬೈಯಲ್ಲಿ ವಿಕಿರಣ ಹಾಯಿಸಿ ವಿಮಾನದಲ್ಲಿ ಕಳಿಸಿದ 15 ರವಾನೆಗಳನ್ನು ಅಮೆರಿಕದ ಅಧಿಕಾರಿಗಳು ತಡೆದರು. ಹಣ್ಣಿನಲ್ಲಿ ಹುಳು ಸಿಕ್ಕಿತೇ? ಇಲ್ಲ, ಕಾಗದದಲ್ಲಿ ತಪ್ಪು ಸಿಕ್ಕಿತು! ವಾಪಸು ಒಯ್ಯಿರಿ, ಇಲ್ಲವೇ ನಾಶಮಾಡಿರಿ ಎಂದರು. ಹಣ್ಣು ನಾಶವಾಯಿತು. ವರ್ತಕರ ಅಂದಾಜಿನಲ್ಲಿ ನಷ್ಟ ಸುಮಾರು 5 ಲಕ್ಷ ಡಾಲರು. ಆ ಕಾಗದ ಬರೆದದ್ದು ರೈತನಲ್ಲ. ಇಂಥ ಪೆಟ್ಟನ್ನು ದೊಡ್ಡ ರಫ್ತುದಾರ ತಾಳಿಕೊಂಡಾನು. ನಮ್ಮ ಶ್ರೀನಿವಾಸಪುರದ ಸಣ್ಣ ಮಂಡಿಯವನು ನಾಳೆ ಹಣ್ಣು ಕಳಿಸಿದರೆ ತಾಳಬಲ್ಲನೇ?

ಮಿತ್ರರೇ, ದೇಶದಲ್ಲಿ ಬೆಳೆದ ಮಾವಿನಲ್ಲಿ ಹಣ್ಣಾಗಿ ಹೊರದೇಶಕ್ಕೆ ಹೋಗುವುದು ನೂರಕ್ಕೆ ಒಂದು ಪಾಲೂ ಇಲ್ಲ. ಉಳಿದದ್ದನ್ನು ಮಾರುವವರೂ ತಿನ್ನುವವರೂ ನಾವು. ಗಿರಣಿಯ ಪಾಳಿ ಮುಗಿಸಿ ತಳ್ಳುಗಾಡಿಯ ಮುಂದೆ ಚೌಕಾಸಿ ಮಾಡುವವರು ನಾವು. ಹಾಗಿರುವಾಗ ಹುಳುವಿನ ಚಿಂತೆ ವಿಮಾನ ನಿಲ್ದಾಣದ ಬಾಗಿಲಲ್ಲಿ ಮಾತ್ರ ಏಕೆ? ಈ ಮೂತಿಹುಳುವಿಗೆ ವರ್ಷಕ್ಕೆ ಒಂದೇ ತಲೆಮಾರು. ಉದುರಿದ ಹಣ್ಣನ್ನೂ ಗೊರಟೆಯನ್ನೂ ಆರಿಸಿ ನಾಶಮಾಡಿದರೆ ಮರುವರ್ಷದ ಕಾಟ ಇಳಿಯುತ್ತದೆ. ಒಬ್ಬನ ತೋಟದಲ್ಲಿ ಮಾಡಿದರೆ ಸಾಲದು, ಊರಿಗೆ ಊರೇ ಮಾಡಬೇಕು. ಅದಕ್ಕೆ ಯಂತ್ರ ಬೇಡ, ಕೈ ಬೇಕು. ಕೈಗೆ ಕೂಲಿ ಬೇಕು.

ನಮ್ಮ ಬೇಡಿಕೆ ಮೂರು. ತೋಟ ಶುದ್ಧಿಯ ಕೂಲಿಯನ್ನು ಸರ್ಕಾರ ಕೊಡಲಿ. ವಿಕಿರಣದ, ಬಿಸಿನೀರಿನ ಉಪಚಾರದ ಕೇಂದ್ರಗಳು ಬೆಳೆಗಾರರ ಸಹಕಾರ ಸಂಘಗಳ ಕೈಗೆ ಬರಲಿ. ಕಾಗದದ ತಪ್ಪಿನ ನಷ್ಟವನ್ನು ಕಾಗದ ಬರೆದವರೇ ತುಂಬಿಕೊಡಲಿ.

ಪರದೇಶದ ತೋಟಕ್ಕೆ ಹುಳು ಹೋಗದಂತೆ ಕಾಯುವ ಸರ್ಕಾರ, ಮೊದಲು ನಮ್ಮ ತೋಟವನ್ನು ಕಾಯಲಿ!