ಬಂಕಾಪುರದಲ್ಲಿ ‘ನೋಡಲು ಏನಿದೆ?’ ಎನ್ನುವವರಿಗೆ

ನಮ್ಮ ಮಲೆನಾಡಿನ ಶಾಲೆ-ಕಾಲೇಜುಗಳ ಪ್ರವಾಸದ ಪಟ್ಟಿಯಲ್ಲಿ ಬಂಕಾಪುರದ ಹೆಸರು ಕಾಣಸಿಗುವುದು ತೀರ ಅಪರೂಪ. ಹುಬ್ಬಳ್ಳಿಗೆ ಹೋಗಿಬಂದವರಿಗೆ ಅಲ್ಲಿನ ಬಂಕಾಪುರ ಚೌಕ ಗೊತ್ತು. ಹೆದ್ದಾರಿಯಲ್ಲಿ ಓಡಾಡುವವರಿಗೆ ಬಂಕಾಪುರದ ಟೋಲ್ ಗೇಟು ಗೊತ್ತು. ಆದರೆ ಆ ಹೆಸರನ್ನು ಹೊತ್ತ ಊರು ಗೊತ್ತಿಲ್ಲ. ಮಕ್ಕಳನ್ನು ಒಮ್ಮೆ ಅಲ್ಲಿಗೆ ಕರೆದೊಯ್ಯಿರಿ ಎಂದರೆ ಮೇಷ್ಟ್ರುಗಳು ಕೇಳುವ ಪ್ರಶ್ನೆ ಒಂದೇ: ‘ಅಲ್ಲಿ ನೋಡಲು ಏನಿದೆ? ಬಯಲು, ಜಾಲಿ, ಬಿಸಿಲು!’ ಈ ಲೇಖನ ಆ ಮಾತಿನ ವಿರುದ್ಧ. ಅದರ ಒಡಹುಟ್ಟಿದ ಇನ್ನೊಂದು ಮಾತಿನ ವಿರುದ್ಧವೂ ಹೌದು: ‘ಸ್ವಲ್ಪ ಅಭಿವೃದ್ಧಿಪಡಿಸಿದರೆ ಒಳ್ಳೆಯ ಪ್ರವಾಸಿ ತಾಣವಾದೀತು.’ ಮೊದಲನೆಯ ಮಾತು ಒಂದು ನೆಲವನ್ನು ಖಾಲಿ ಎಂದು ಘೋಷಿಸುತ್ತದೆ. ಎರಡನೆಯದು ಆ ಖಾಲಿ ಜಾಗವನ್ನು ತುಂಬಲು ಗುತ್ತಿಗೆದಾರನನ್ನು ಕರೆತರುತ್ತದೆ.

ಚರಿತ್ರೆಯ ಮಾತನ್ನು ಬೇಗ ಮುಗಿಸೋಣ. ಅದು ಪುಸ್ತಕಗಳಲ್ಲಿ ಸಿಗುತ್ತದೆ. ರಾಷ್ಟ್ರಕೂಟರ ಸಾಮಂತನಾದ ಬಂಕೆಯನ ಹೆಸರಿನ ಈ ಊರು ಬನವಾಸಿ ನಾಡನ್ನು ಆಳಿದವರ ನೆಲೆಯಾಗಿತ್ತು. ಗುಣಭದ್ರಾಚಾರ್ಯರ ಉತ್ತರಪುರಾಣದೊಂದಿಗೆ ಶಕ ವರ್ಷ 820, ಅಂದರೆ ಕ್ರಿ.ಶ. 898ರ ಬಂಕಾಪುರದ ಹೆಸರು ಸೇರಿಕೊಂಡಿದೆ. ಗಂಗ ದೊರೆ ಮಾರಸಿಂಹ ಅಜಿತಸೇನ ಗುರುಗಳ ಸನ್ನಿಧಿಯಲ್ಲಿ ಸಲ್ಲೇಖನ ವ್ರತದಿಂದ ದೇಹ ಬಿಟ್ಟದ್ದು ಇಲ್ಲಿಯೇ. ಹೊಯ್ಸಳ ವಿಷ್ಣುವರ್ಧನನ ಕೊನೆಯ ದಿನಗಳೂ ಇಲ್ಲಿಯೇ ಕಳೆದವು. ಕೋಟೆಯೊಳಗಿನ ನಗರೇಶ್ವರ ದೇವಾಲಯವನ್ನು ಜನ ಇಂದಿಗೂ ‘ಅರವತ್ತು ಕಂಬದ ಗುಡಿ’ ಎನ್ನುತ್ತಾರೆ. ಕಡೆದಂತಿರುವ ಆ ಕಂಬಗಳ ನಡುವೆ ಅರ್ಧ ದಿನ ಕುಳಿತರೂ ಬೇಸರ ಬಾರದು. ಆದರೆ ನಮ್ಮ ಪತ್ರಿಕೆಯ ಕಾಳಜಿ ಗುಡಿಯ ಹೊರಗಿನ ಮುಳ್ಳುಕಂಟಿಯದು.

ಬಂಕಾಪುರದ ಕೋಟೆಯ ಆವರಣ ಸುಮಾರು 139 ಎಕರೆ. ಸುತ್ತ ಕಂದಕ, ಕಂದಕದ ಇಳಿಜಾರಿನಲ್ಲಿ ದಟ್ಟವಾದ ಕುರುಚಲು, ನಡುವೆ ಹುಲ್ಲು, ಅಲ್ಲಲ್ಲಿ ದೊಡ್ಡ ಮರಗಳು. ಪಶುಸಂಗೋಪನಾ ಇಲಾಖೆಯ ಖಿಲಾರಿ ತಳಿ ಸಂವರ್ಧನಾ ಕೇಂದ್ರವೂ ಈ ಆವರಣದಲ್ಲಿಯೇ ನೆಲೆಗೊಂಡಿತು. ಜಾನುವಾರುಗಳಿಗೆ ಮೇವು ಬೇಕು. ಆದ್ದರಿಂದ ಹುಲ್ಲು ಉಳಿಯಿತು. ಮೇವಿನ ಬೆಳೆ ಬೆಳೆದರು. ಅದರಲ್ಲಿ ಹುಳುಹುಪ್ಪಟೆ, ಕಾಳು ಸಿಕ್ಕವು. ಸರ್ಕಾರಿ ಜಾಗವಾದ್ದರಿಂದ ಮನೆಗಳು ಏಳಲಿಲ್ಲ, ನಿವೇಶನಗಳಾಗಲಿಲ್ಲ. ಕಂದಕದ ಮುಳ್ಳುಕಂಟಿ ಯಾರಿಗೂ ಬೇಡವಾಗಿದ್ದರಿಂದ ಹಾಗೆಯೇ ಬೆಳೆಯಿತು. ನವಿಲುಗಳಿಗೆ ಬೇಕಾದದ್ದು ಇಷ್ಟೇ. ಹೀಗೆ, ಯಾವ ಯೋಜನೆಯೂ ಇಲ್ಲದೆ, ಎತ್ತುಗಳ ನೆರಳಿನಲ್ಲಿ ನವಿಲುಗಳು ಬಾಳಿದವು. 2006ರಲ್ಲಿ ಸರ್ಕಾರ ಇದನ್ನು ನವಿಲುಗಳ ಸಂರಕ್ಷಣಾ ಮೀಸಲು ಪ್ರದೇಶವೆಂದು ಘೋಷಿಸಿದಾಗ ಅದು ಹೊಸದಾಗಿ ಏನನ್ನೂ ನಿರ್ಮಿಸಲಿಲ್ಲ. ಆಗಲೇ ನಡೆಯುತ್ತಿದ್ದ ಒಂದು ಸಹಬಾಳ್ವೆಗೆ ಮೊಹರು ಒತ್ತಿತು, ಅಷ್ಟೇ.

ನವಿಲು ರಾಷ್ಟ್ರಪಕ್ಷಿ; 1963ರಿಂದ ಆ ಪದವಿ ಅದಕ್ಕಿದೆ. ಗರಿಬಿಚ್ಚಿ ಕುಣಿಯುವ ಗಂಡನ್ನು ನಾಣ್ಯದ ಮೇಲೆಯೂ ನೋಟುಬುಕ್ಕಿನ ರಟ್ಟಿನ ಮೇಲೆಯೂ ನೋಡಿದ್ದೇವೆ. ಆದರೆ ಅದರ ಸಂಸಾರ ನಡೆಯುವುದು ಮೊಟ್ಟೆಯಿಡುವ ಹೆಣ್ಣಿನಿಂದ. ಅವಳು ಮೊಟ್ಟೆಯಿಡುವುದು ಮರದ ಮೇಲಲ್ಲ, ನೆಲದ ಮೇಲೆ, ಕಂಟಿಯ ಮರೆಯಲ್ಲಿ ಕೆದರಿದ ಒಂದು ತಗ್ಗಿನಲ್ಲಿ. ಸುಮಾರು ನಾಲ್ಕು ವಾರ ಕಾವು ಕೂರಬೇಕು. ಅದೂ ಮಳೆಗಾಲದ ದಿನಗಳಲ್ಲಿ. ನಾಯಿ, ಮುಂಗುಸಿ, ಕುತೂಹಲಿಗಳ ಕಾಲು, ಇವುಗಳಿಂದ ಅವಳನ್ನು ಕಾಯುವುದು ಅರಣ್ಯ ರಕ್ಷಕನಿಗಿಂತ ಹೆಚ್ಚಾಗಿ ಆ ಮುಳ್ಳೇ. ನಾವು ‘ಪೊದೆ ಬೆಳೆದು ಹಾಳುಬಿದ್ದಿದೆ’ ಎಂದು ಮೂಗು ಮುರಿಯುವ ಜಾಗ ಅವಳ ಹೆರಿಗೆ ಮನೆ. ಈ ಒಂದು ಸಂಗತಿಯನ್ನು ತಿಳಿದವನಿಗೆ, ಸ್ವಚ್ಛತೆಯ ಹೆಸರಿನಲ್ಲಿ ಕಂದಕದ ಕಂಟಿ ಕಡಿಯುವುದೆಂದರೆ ಏನೆಂದು ಬಿಡಿಸಿ ಹೇಳಬೇಕಾಗಿಲ್ಲ.

ಒಂದು ನೆಲವನ್ನು ‘ಬರಡು’ ಎಂದು ಕರೆಯುವುದರಿಂದ ಏನಾಗುತ್ತದೆ ಎಂಬುದನ್ನು ಈ ಸೀಮೆ ಹಿಂದೆಯೇ ಕಂಡಿದೆ. 1984ರಲ್ಲಿ ರಾಜ್ಯ ಸರ್ಕಾರ ಮತ್ತು ಹರಿಹರ ಪಾಲಿಫೈಬರ್ಸ್ ಕೂಡಿ ಕರ್ನಾಟಕ ಪಲ್ಪ್‌ವುಡ್ಸ್ ಎಂಬ ಕಂಪನಿಯನ್ನು ಹುಟ್ಟುಹಾಕಿದವು. ಧಾರವಾಡ, ಉತ್ತರ ಕನ್ನಡ, ಶಿವಮೊಗ್ಗ, ಚಿಕ್ಕಮಗಳೂರು ಜಿಲ್ಲೆಗಳ ಸುಮಾರು 30,000 ಹೆಕ್ಟೇರ್ ಸಾರ್ವಜನಿಕ ಭೂಮಿಯನ್ನು ಗಿರಣಿಯ ತಿರುಳಿಗಾಗಿ ನೀಲಗಿರಿಯಂಥ ಮರಗಳನ್ನು ಬೆಳೆಯಲು ಕೊಡುವುದು ಉದ್ದೇಶ. ಕಾಗದದ ಮೇಲೆ ಅದು ಪಾಳುಭೂಮಿ. ಊರಿನವರ ಪಾಲಿಗೆ ಅದು ದನ ಮೇಯುವ ಗೋಮಾಳ, ಸೊಪ್ಪು ತರುವ ಬೆಟ್ಟ, ಬಡವರ ಒಲೆಯ ಸೌದೆ. ಬಂಕಾಪುರಕ್ಕೆ ದೂರವಲ್ಲದ ಹಾನಗಲ್ಲ ತಾಲೂಕಿನ ಕುಸನೂರಿನಲ್ಲಿ 1987ರ ನವೆಂಬರ್ 14ರಂದು ಸಮಾಜ ಪರಿವರ್ತನ ಸಮುದಾಯದ ಮುಂದಾಳುತನದಲ್ಲಿ ಜನ ಸೇರಿ ನೀಲಗಿರಿ ಸಸಿಗಳನ್ನು ಕಿತ್ತು, ಆ ಜಾಗದಲ್ಲಿ ತಮಗೆ ಬೇಕಾದ ಗಿಡಗಳನ್ನು ನೆಟ್ಟರು. ‘ಕಿತ್ತಿಕೋ-ಹಚ್ಚಿಕೋ’ ಎಂಬ ಆ ಸತ್ಯಾಗ್ರಹದ ಹೆಸರು ನಮ್ಮ ಹಿರಿಯ ಓದುಗರಿಗೆ ನೆನಪಿರಬೇಕು. ಸುಪ್ರೀಂ ಕೋರ್ಟಿಗೆ ಹೋದ ಅರ್ಜಿಯಲ್ಲಿ ಶಿವರಾಮ ಕಾರಂತರೂ ಜೊತೆಗಿದ್ದರು. 1991ರಲ್ಲಿ ಆ ಕಂಪನಿಯನ್ನು ಮುಚ್ಚುವ ತೀರ್ಮಾನವಾಯಿತು. ಬೆಟ್ಟದವರೂ ಬಯಲಿನವರೂ ಒಟ್ಟಾಗಿ ನಿಂತ ಹೋರಾಟವದು. ಎರಡೂ ಕಡೆಯವರ ನೆಲವನ್ನು ಖಾಲಿ ಎಂದದ್ದು ಒಂದೇ ಕಾಗದ.

ಎಲ್ಲ ಕಡೆಯೂ ಜನ ಗೆಲ್ಲಲಿಲ್ಲ. ಇದೇ ಜಿಲ್ಲೆಯ ರಾಣೆಬೆನ್ನೂರಿನಲ್ಲಿ 1974ರಲ್ಲಿ ಕೃಷ್ಣಮೃಗಗಳಿಗಾಗಿ 119 ಚದರ ಕಿಲೋಮೀಟರಿನ ಅಭಯಾರಣ್ಯ ಘೋಷಣೆಯಾಯಿತು. ಅಲ್ಲಿನ ಹುಲ್ಲುಗಾವಲಿನಲ್ಲಿ ಬಯಲುಸೀಮೆಯವರು ಎರೆಭೂತ ಎನ್ನುವ ದೊಡ್ಡ ಹಕ್ಕಿಯೂ ಇತ್ತು. ಬೋಳು ಬಯಲನ್ನು ಹಸಿರಾಗಿಸುವ ಉತ್ಸಾಹದಲ್ಲಿ ಅಲ್ಲಿ ಸಾಲುಸಾಲಾಗಿ ನೀಲಗಿರಿ ನೆಟ್ಟರು. ದೂರದವರೆಗೆ ದಿಟ್ಟಿಸುತ್ತ ನಡೆಯುವ ಹಕ್ಕಿಗೆ ನೀಲಗಿರಿಯ ತೋಪಿನಲ್ಲಿ ಏನು ಕೆಲಸ? ಬೇಟೆಯ ಕಾಟವೂ ಸೇರಿ ಎರೆಭೂತ ಅಲ್ಲಿಂದ ಕಾಣೆಯಾಯಿತು. ಇಂದು ಕರ್ನಾಟಕದಲ್ಲಿ ಅದನ್ನು ಹುಡುಕಬೇಕೆಂದರೆ ಬಳ್ಳಾರಿಯ ಸಿರುಗುಪ್ಪದ ಕಡೆಗೆ ಹೋಗಬೇಕು, ಅದೂ ಬೆರಳೆಣಿಕೆಯಷ್ಟು. ನೀಲಗಿರಿ ನೆಡುವುದನ್ನು ಸರ್ಕಾರ ನಿಷೇಧಿಸಿದ್ದು 2017ರಲ್ಲಿ! ಗಿಡ ನೆಡುವುದು ಸದಾ ಪುಣ್ಯದ ಕೆಲಸವೆಂದು ನಂಬಿರುವ ನಮ್ಮ ಪರಿಸರ ಸಂಘಗಳೂ ಈ ಕತೆಯನ್ನು ಗಮನಿಸಬೇಕು. ಮಳೆಕಾಡು ಮಾತ್ರವೇ ನಿಸರ್ಗ, ಉಳಿದದ್ದೆಲ್ಲ ಕಾಡಾಗಲು ಕಾದಿರುವ ಬರಿನೆಲ ಎಂಬ ನಮ್ಮ ಗುಡ್ಡಗಾಡಿನವರ ಠೇಂಕಾರಕ್ಕೂ ಆ ಸಸಿಗಳಿಗೂ ಸಂಬಂಧವಿದೆ.

ಈಗ ಕಾಲ ಬದಲಾಗಿದೆ. ತಿರುಳಿನ ಗಿರಣಿಯ ಜಾಗದಲ್ಲಿ ಪ್ರವಾಸೋದ್ಯಮ ಬಂದು ಕುಳಿತಿದೆ. ಅದರ ಭಾಷೆ ಸೌಮ್ಯ. ಅದು ಮರ ಕಡಿಯುತ್ತೇನೆ ಎನ್ನುವುದಿಲ್ಲ, ‘ಸೌಂದರ್ಯೀಕರಣ’ ಎನ್ನುತ್ತದೆ. ಕೋಟೆ ಇರುವ ಊರಿಗೆಲ್ಲ ಅದು ಒಂದೇ ಅಚ್ಚಿನ ನಕ್ಷೆಯನ್ನು ಹಿಡಿದು ಬರುತ್ತದೆ: ಕಂದಕದಲ್ಲಿ ದೋಣಿ, ಗೋಡೆಗೆ ಬಣ್ಣದ ದೀಪ, ಸಂಗೀತದ ಕಾರಂಜಿ, ಸಿಮೆಂಟಿನ ಪ್ರಾಣಿಗಳು, ಹುಲ್ಲುಹಾಸು, ವಾಹನ ನಿಲುಗಡೆ. ಕಟ್ಟಕಡೆಗೆ ಹೆಬ್ಬಾಗಿಲಿನಲ್ಲಿ ಇಪ್ಪತ್ತಡಿ ಎತ್ತರದ ಒಂದು ಸಿಮೆಂಟಿನ ನವಿಲು. ಅದು ಎದ್ದು ನಿಲ್ಲುವ ಹೊತ್ತಿಗೆ ಒಳಗಿನ ನವಿಲು ಇರಬೇಕೆಂಬ ಅಗತ್ಯವಾದರೂ ಯಾರಿಗಿರುತ್ತದೆ? ಕತ್ತಲಾಗುತ್ತಲೇ ಮರದ ಕೊಂಬೆಯನ್ನೇರಿ ಮಲಗುವ ಹಕ್ಕಿಯ ಕೆಳಗೆ ರಾತ್ರಿ ಹತ್ತರವರೆಗೆ ದೀಪ, ಧ್ವನಿವರ್ಧಕ ನಡೆಸುವುದನ್ನು ಸಂರಕ್ಷಣೆ ಎನ್ನಲು ದೊಡ್ಡ ಧೈರ್ಯ ಬೇಕು.

ನಮ್ಮ ಬೆಟ್ಟಗಳ ಅನುಭವವನ್ನೇ ನೋಡಿ. 2024ರ ಜನವರಿಯ ಕೊನೆಯ ರಜೆಯಲ್ಲಿ ಕುಮಾರಪರ್ವತದ ದಾರಿಯಲ್ಲಿ ಜಾತ್ರೆಯಂತೆ ಜನ ಕಿಕ್ಕಿರಿದು, ಚಾರಣವನ್ನೇ ಕೆಲಕಾಲ ನಿಲ್ಲಿಸಬೇಕಾಯಿತು. ಅಷ್ಟು ದೊಡ್ಡ ಪರ್ವತವೇ ತಾಳಲಾರದ ಭಾರವನ್ನು ಅರ್ಧ ಚದರ ಕಿಲೋಮೀಟರಿಗಿಂತ ತುಸುವೇ ಹೆಚ್ಚಿರುವ ಒಂದು ಕೋಟೆ ತಾಳೀತೇ? ಬೆಟ್ಟದ ಪ್ರಾಣಿಗೆ ಮುಂದಿನ ಬೆಟ್ಟಕ್ಕೆ ಸರಿಯುವ ದಾರಿಯಾದರೂ ಇದೆ. ಬಂಕಾಪುರದ ನವಿಲು ಕಂದಕ ದಾಟಿದರೆ ಸಿಗುವುದು ಊರು, ಹೊಲ, ಹೆದ್ದಾರಿ.

ಇದಕ್ಕೊಂದು ಮರುಮಾತು ಇದೆ, ಅದನ್ನು ತಳ್ಳಿಹಾಕುವಂತಿಲ್ಲ. ‘ನಿಮ್ಮ ಬೆಟ್ಟದ ಊರುಗಳು ಪ್ರವಾಸಿಗರಿಂದ ದುಡ್ಡು ಕಂಡವು, ನಮ್ಮ ಹುಡುಗರು ದುಡಿಯಲು ಹುಬ್ಬಳ್ಳಿ, ಬೆಂಗಳೂರಿಗೆ ಬಸ್ಸು ಹತ್ತಬೇಕು. ನಮ್ಮೂರಿಗೆ ನಾಲ್ಕು ಜನ ಬಂದರೆ ನಿಮಗೇಕೆ ಹೊಟ್ಟೆಯುರಿ?’ ಎಂದು ಬಂಕಾಪುರದವರು ಕೇಳಿದರೆ ಅದು ನ್ಯಾಯವಾದ ಪ್ರಶ್ನೆಯೇ. ಸುತ್ತಲಿನ ರೈತನದು ಇನ್ನೂ ಹರಿತವಾದ ಪ್ರಶ್ನೆ. ಬಿತ್ತಿದ ಶೇಂಗಾ, ಮೊಳಕೆಯೊಡೆದ ಗೋವಿನಜೋಳ, ಕಾಯಿಪಲ್ಲೆ ಯಾವುದನ್ನೂ ನವಿಲು ಬಿಡುವುದಿಲ್ಲ. ಪಟ್ಟಣದವನಿಗೆ ಅದು ಸೌಂದರ್ಯ. ಹೊಲದವನಿಗೆ ಅದು ಬೆಳಗಿನ ಜಾವ ಎದ್ದು ಓಡಿಸಬೇಕಾದ ಕಳ್ಳ. ಔಷಧಿ ಲೇಪಿಸಿದ ಬೀಜ ತಿಂದು ನವಿಲುಗಳು ಸತ್ತ ಸುದ್ದಿ ದೇಶದ ಹಲವು ಕಡೆಗಳಿಂದ ಬರುತ್ತಲೇ ಇದೆ. ಹಾಗೆ ಬಿತ್ತಿದವರೆಲ್ಲ ಕೊಲ್ಲಲೆಂದೇ ಬಿತ್ತಿದವರಲ್ಲ. ರೈತನ ನಷ್ಟವನ್ನು ಲೆಕ್ಕಕ್ಕೆ ಹಿಡಿಯದ ಸಂರಕ್ಷಣೆ ಬೇಲಿಯೊಳಗಿನ ಶೋಕಿ ಮಾತ್ರ. ಆದ್ದರಿಂದ ನಾವು ಹೇಳುವುದು ಯಾರೂ ಬರಬಾರದೆಂದಲ್ಲ. ಬಂದವರ ದುಡ್ಡು ಯಾರ ಕೈಸೇರುತ್ತದೆ ಎಂದು ಕೇಳಿ ಎನ್ನುತ್ತೇವೆ. ಕಾರಂಜಿಯ ಗುತ್ತಿಗೆ ಹೊರಗಿನವನಿಗೆ ಹೋಗುತ್ತದೆ, ಟಿಕೆಟ್ಟಿನ ಗುತ್ತಿಗೆ ಇನ್ನೊಬ್ಬನಿಗೆ; ಊರಿನ ಹುಡುಗನಿಗೆ ಉಳಿಯುವುದು ಕಸ ಗುಡಿಸುವ ಕೆಲಸ. ಅದರ ಬದಲು, ಹಕ್ಕಿಯನ್ನೂ ಶಾಸನವನ್ನೂ ಬಲ್ಲ ಹತ್ತು ಸ್ಥಳೀಯ ಮಾರ್ಗದರ್ಶಿಗಳು, ಊರಿನ ಖಾನಾವಳಿಯ ರೊಟ್ಟಿ ಊಟ, ಪ್ರವೇಶ ಶುಲ್ಕದ ಒಂದು ಪಾಲು ಬೆಳೆ ಕಳೆದುಕೊಂಡ ರೈತನಿಗೆ: ಇಷ್ಟು ಮಾಡಲು ಒಂದು ಚೀಲ ಸಿಮೆಂಟೂ ಬೇಕಿಲ್ಲ.

ಇದನ್ನೆಲ್ಲ ನಿರ್ಧರಿಸುವವರು ಯಾರು? ಇಲ್ಲಿ ಕಾನೂನು ನಮ್ಮ ಕೈಗೆ ಒಂದು ಹಿಡಿಕೆಯನ್ನು ಕೊಟ್ಟಿದೆ, ನಾವೇ ಹಿಡಿದಿಲ್ಲ. ಸಂರಕ್ಷಣಾ ಮೀಸಲು ಎನ್ನುವುದು ಅಭಯಾರಣ್ಯವಲ್ಲ, ರಾಷ್ಟ್ರೀಯ ಉದ್ಯಾನವೂ ಅಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 2002ರಲ್ಲಿ ತಂದ ತಿದ್ದುಪಡಿಯಿಂದ ಹುಟ್ಟಿದ ವರ್ಗವದು. ಸ್ಥಳೀಯ ಸಮುದಾಯಗಳೊಡನೆ ಸಮಾಲೋಚಿಸಿಯೇ ಅದನ್ನು ಘೋಷಿಸಬೇಕು. ಅದರ ನಿರ್ವಹಣೆಗೆ ಸಲಹೆ ನೀಡಲು ಒಂದು ಸಮಿತಿ ಇರಬೇಕು. ಅದರಲ್ಲಿ ಅರಣ್ಯ ಇಲಾಖೆಯವರ ಜೊತೆಗೆ ಆ ವ್ಯಾಪ್ತಿಯ ಗ್ರಾಮ ಪಂಚಾಯತಿಯ ಪ್ರತಿನಿಧಿ, ವನ್ಯಜೀವಿ ಸಂಸ್ಥೆಗಳ ಮೂವರು, ಕೃಷಿ ಮತ್ತು ಪಶುಸಂಗೋಪನಾ ಇಲಾಖೆಗಳಿಂದ ಒಬ್ಬೊಬ್ಬರು ಇರಬೇಕು. ದನದ ಇಲಾಖೆಯವರಿಗೆ ಹಕ್ಕಿಯ ಸಮಿತಿಯಲ್ಲಿ ಕುರ್ಚಿ ಹಾಕಿದ ಈ ಕಾನೂನು ಬಂಕಾಪುರವನ್ನೇ ನೋಡಿ ಬರೆದಂತಿದೆ. ಒಂದು ತಮಾಷೆಯೂ ಇದೆ: ಕಾನೂನು ಹೇಳುವುದು ಗ್ರಾಮ ಪಂಚಾಯತಿಯ ಮಾತನ್ನು, ಬಂಕಾಪುರದಲ್ಲಿ ಇರುವುದು ಪುರಸಭೆ. ಹಾಗಾದರೆ ಕೋಟೆಯ ಪಕ್ಕದ ಓಣಿಯವರ ಪರವಾಗಿ ಅಲ್ಲಿ ಕೂರುವವರು ಯಾರು? ಸುತ್ತಲಿನ ಹಳ್ಳಿಯ ರೈತರ ಪರವಾಗಿ?

ಗೆಳೆಯರೇ, ಹಾಗಾಗಿ ಹೋಗಿಬನ್ನಿ. ಆದರೆ ಬೆಳಗಾಗುವ ಮುನ್ನ ಊರು ಸೇರಿ, ಸಣ್ಣ ಗುಂಪಿನಲ್ಲಿ, ಧ್ವನಿವರ್ಧಕದ ಬಸ್ಸನ್ನು ದೂರ ನಿಲ್ಲಿಸಿ. ಮೊಟ್ಟೆಯ ಕಾಲದಲ್ಲಿ ಕಂದಕದ ಕಡೆಗೆ ಇಳಿಯಬೇಡಿ. ಉದುರಿದ ಗರಿಯನ್ನು ಹುಡುಕುತ್ತ ಪೊದೆಗೆ ನುಗ್ಗಬೇಡಿ. ಅಲ್ಲಿಂದ ಸವಣೂರಿಗೆ ಹೋಗಿ, ಕಲ್ಮಠದ ಆವರಣದ ದೊಡ್ಡ ಹುಣಸೆ ಮರಗಳನ್ನು ನೋಡಿ. ಹೆಸರಷ್ಟೇ ಹುಣಸೆ, ನಿಜಕ್ಕೂ ಅವು ಆಫ್ರಿಕ ಖಂಡದ ಬಾವೊಬಾಬ್ ಮರಗಳು. ಮೂರರಲ್ಲಿ ಒಂದು 2023ರ ಮಳೆಗಾಲದಲ್ಲಿ ಬುಡಮೇಲಾಗಿ ಬಿದ್ದಾಗ ಅದನ್ನು ಮತ್ತೆ ನೆಡುವ ಪ್ರಯತ್ನವೂ ನಡೆಯಿತು. ಹೊತ್ತಿದ್ದರೆ ಹಿರೇಕೆರೂರು ಸೀಮೆಯ ಮದಗ-ಮಾಸೂರು ಕೆರೆಯ ಏರಿಯ ಮೇಲೆ ನಿಂತು ಬನ್ನಿ. ಜನಪದರು ಹಾಡು ಕಟ್ಟಿದ ಕೆರೆಯದು.

ಹೋಗಿಬಂದ ಮೇಲೆ ಪ್ರತಿ ಕಾಲೇಜಿನ ಪರಿಸರ ಸಂಘದವರೂ ಇನ್ನೊಂದು ಕೆಲಸ ಮಾಡಬೇಕೆಂದು ಕೋರುತ್ತೇವೆ. ಮಾಹಿತಿ ಹಕ್ಕು ಕಾಯ್ದೆ 2005ರಿಂದ ನಿಮ್ಮ ಕೈಯಲ್ಲಿದೆ. ಶುಲ್ಕ ಹತ್ತು ರೂಪಾಯಿ. ಹಾವೇರಿಯ ಅರಣ್ಯ ಇಲಾಖೆಯ ಕಚೇರಿಗೆ ಅರ್ಜಿ ಬರೆಯಿರಿ. ಬಂಕಾಪುರ ನವಿಲು ಸಂರಕ್ಷಣಾ ಮೀಸಲಿನ ನಿರ್ವಹಣಾ ಸಮಿತಿಯ ಸದಸ್ಯರು ಯಾರು, 2006ರಿಂದ ಈಚೆಗೆ ಅದು ಎಷ್ಟು ಸಲ ಸಭೆ ಸೇರಿದೆ, ಸಭೆಯ ನಡಾವಳಿಗಳ ಪ್ರತಿ, ಕೋಟೆಯೊಳಗೆ ಯಾವ ಯಾವ ಕಾಮಗಾರಿಗೆ ಎಷ್ಟು ಹಣ ಮಂಜೂರಾಗಿದೆ, ಅದಕ್ಕೆ ಸಮಿತಿಯ ಒಪ್ಪಿಗೆ ಇದೆಯೇ ಎಂದು ಕೇಳಿರಿ. ಬಂದ ಉತ್ತರಗಳನ್ನು ನಮಗೆ ಕಳುಹಿಸಿದರೆ ಇದೇ ಪುಟಗಳಲ್ಲಿ ಯಥಾವತ್ತಾಗಿ ಅಚ್ಚು ಮಾಡುತ್ತೇವೆ. ಮೂವತ್ತು ದಿನಗಳಲ್ಲಿ ಉತ್ತರ ಬಾರದಿದ್ದರೆ, ಬಾರದ ಸಂಗತಿಯನ್ನೂ.